ಬಿರಡೆಯ ಮೇಲಿನ ಅರಿಶಿನ

“ಗುರುದತ್, ಇಲ್ಲಿ ಕೈ ತೊಳೆಯೋ ಸೋಪ್ ಇದ್ಯಾ?”

ಇಂದುಮತಿ ಹಾಗೆ ಕೇಳಿದಾಗ ಗುರುದತ್ ಅವಳ ಮುಖವನ್ನೇ ನೋಡಿದ. ಕೆಲಸ ಹೋಗುವ ಅಂಚಿನಲ್ಲಿ ನಿಂತವನ ಹತ್ತಿರ ತನಿಖೆಗೆ ಬಂದವಳು ಕೇಳುವ ಪ್ರಶ್ನೆಯೇ ಇದು? ಆದರೂ ಮೂಲೆಯ ಸಿಂಕ್‌ನಿಂದ ಸೋಪಿನ ಬಾಟಲಿ ತಂದುಕೊಟ್ಟ.

ಪರ್ತ್‌ನ ಜಾರಾ ಹೌಸ್‌ನ ನೆಲಮಾಳಿಗೆ ಅದು. ಸರ್ಕಾರದ ಅತಿಥಿಗಳಿಗೆ ಮೇಲಿನ ಹಾಲ್‌ನಲ್ಲಿ ಊಟ. ಅವರಿಗೆ ಬಡಿಸುವ ವೈನ್ ಕೆಳಗಿನ ಈ ತಣ್ಣನೆಯ ಕೋಣೆಯಲ್ಲಿ. ಮಂತ್ರಿಗಳು ಬರುತ್ತಾರೆ, ಹೋಗುತ್ತಾರೆ. ಬಾಟಲಿಗಳು ಮಾತ್ರ ಅಡ್ಡಡ್ಡ ಮಲಗಿಕೊಂಡು ವರ್ಷಗಟ್ಟಲೆ ಪಕ್ವವಾಗುತ್ತಿರುತ್ತವೆ. ಅವುಗಳ ಉಸ್ತುವಾರಿ ಗುರುದತ್‌ನದು. ಯಾವುದು ಈಗ ಕುಡಿಯಲು ಹದವಾಗಿದೆ, ಯಾವುದು ಯಾವ ಅತಿಥಿಗೆ, ಯಾವುದನ್ನು ಇನ್ನೂ ಮುಟ್ಟಬಾರದು ಎಂಬುದನ್ನೆಲ್ಲ ಅವನೇ ತೀರ್ಮಾನಿಸಬೇಕು.

ಕಳೆದ ವಾರ ವಿದೇಶಿ ನಿಯೋಗವೊಂದರ ಔತಣದಲ್ಲಿ ರಾಜ್ಯದ ಹೆಮ್ಮೆ ಎಂದು ತೆರೆದ ಶಿರಾಜ್ ಎಂಬ ಹಳೇ ಕೆಂಪು ವೈನಿನ ಬಾಟಲಿಯಲ್ಲಿ ಅಂಗಡಿಯ ಅಗ್ಗದ ವೈನ್ ಇತ್ತು; ಆ ಸಾಲಿನ ಬಾಟಲಿಗಳೆಲ್ಲ ನಕಲಿ ಎಂದು ಆಮೇಲೆ ಗೊತ್ತಾಯಿತು. ಬೀಗದ ಕೈ ಇದ್ದದ್ದು ಗುರುದತ್ ಒಬ್ಬನ ಹತ್ತಿರ. ಬೆರಳು ತೋರಿಸುವವರಿಗೆ ಇನ್ನೇನು ಬೇಕು?

ಇಂದುಮತಿ ವಿಮಾ ಕಂಪನಿಯವರು ಕಳಿಸಿದ ತನಿಖಾಧಿಕಾರಿ. ಹಿಂದೆ ಬೆಂಗಳೂರಿನ ಅಪರಾಧ ಪ್ರಯೋಗಾಲಯದಲ್ಲಿ ಇದ್ದವಳು. ಗಂಡನಿಗೆ ಇಲ್ಲಿಯ ಗಣಿಯಲ್ಲಿ ಕೆಲಸ ಸಿಕ್ಕಿದ ಮೇಲೆ ಜೂಂಡಲಪ್‌ನಲ್ಲಿ ಮನೆ ಮಾಡಿದವಳು. ಐವತ್ತು ದಾಟಿದ್ದರೂ ಅವಸರ ಎಂಬುದನ್ನು ಅವಳು ಇನ್ನೂ ಕಲಿತಿರಲಿಲ್ಲ.

ಅವಳ ಬೆರಳುಗಳ ನಡುವೆ ಆ ಔತಣದ ಬಾಟಲಿಯ ಬಿರಡೆ ಇತ್ತು. ಬಾಟಲಿಯ ಕತ್ತಿಗೆ ಸುತ್ತಿದ ತವರದ ಹಾಳೆಯೊಳಗೆ ಮುಚ್ಚಿಹೋಗಿದ್ದ ಬಿರಡೆಯ ನೆತ್ತಿಯ ಮೇಲೆ ಒಂದು ಹಳದಿ ಕಲೆ. ವೈನ್ ಅಲ್ಲಿಗೆ ಏರುವುದಿಲ್ಲ. ಬೂಸ್ಟು ಇರಬಹುದು ಎಂದು ಎಲ್ಲರೂ ಬಿಟ್ಟಿದ್ದರು. ಇಂದುಮತಿ ಒದ್ದೆ ಬೆರಳಿಗೆ ಸೋಪು ತಾಗಿಸಿ ಕಲೆಯ ಮೇಲೆ ಮೆಲ್ಲಗೆ ಉಜ್ಜಿದಳು.

ಹಳದಿ ಕಲೆ ಕೆಂಪಾಯಿತು.

“ಅರಿಶಿನ!” ಎಂದ ಗುರುದತ್.

ಸೋಪು ತಾಗಿದರೆ ಅರಿಶಿನ ಕೆಂಪಾಗುತ್ತದೆ ಎಂದು ಕಂಡುಹಿಡಿಯಲು ಪ್ರಯೋಗಾಲಯ ಬೇಕಿಲ್ಲ. ಬಿಳಿ ಪಂಚೆಯ ಮೇಲೆ ಸಾರು ಚೆಲ್ಲಿಕೊಂಡು, ಗಾಬರಿಯಲ್ಲಿ ಸೋಪು ಹಚ್ಚಿ, ಇನ್ನಷ್ಟು ಕೆಡಿಸಿದ ಯಾರನ್ನು ಬೇಕಾದರೂ ಕೇಳಿ.

“ಉಳಿದ ಬಾಟಲಿಗಳ ಹಾಳೆನೂ ಬಿಚ್ಚಪ್ಪ,” ಎಂದಳು ಇಂದುಮತಿ.

ಅವನು ಒಂದೊಂದಾಗಿ ಬಿಚ್ಚಿದ. ಒಂದರ ನೆತ್ತಿಯಲ್ಲಿ ಗಾಢ ಹಳದಿ, ಇನ್ನೊಂದರಲ್ಲಿ ಸ್ವಲ್ಪ ಮಸುಕು, ಮತ್ತೊಂದರಲ್ಲಿ ಕಂಡೂ ಕಾಣದಷ್ಟು. ಉಳಿದವುಗಳಲ್ಲಿ ಏನೂ ಇಲ್ಲ.

“ಏನನ್ಸುತ್ತೆ?”

“ಕಾರ್ಕ್ ಹಾಕೋ ಕೈಮಷಿನ್‌ಗೆ ಒಂದು ಒತ್ತುಗೋಲು ಇರುತ್ತೆ ಮೇಡಂ. ಅದು ಕಾರ್ಕ್‌ನ ತಲೆ ಮೇಲೆ ಕೂತು ಒಳಗೆ ತಳ್ಳುತ್ತೆ. ಆ ಗೋಲಿಗೆ ಅರಿಶಿನ ಹಚ್ಚಿದ್ರೆ ಮೊದಲ ಬಾಟಲಿಗೆ ಜಾಸ್ತಿ ಅಂಟುತ್ತೆ, ಆಮೇಲೆ ಕಮ್ಮಿಯಾಗ್ತಾ ಹೋಗುತ್ತೆ.” ಅವನ ದನಿ ಅಲ್ಲಿಗೇ ನಿಂತಿತು. “ಆಯುಧಪೂಜೆ.”

“ಹ್ಞೂಂ. ಪೂಜೆ ದಿನ ಮಷಿನ್ ಮುಟ್ಟಲ್ಲ. ಮಾರನೇ ದಿನ ವಿಜಯದಶಮಿ, ಒಳ್ಳೇ ದಿನ ಅಂತ ಕೆಲಸ ಶುರು ಮಾಡ್ತಾರೆ. ಆ ಶುರುವಿನ ಕೆಲಸ ಇದು.”

ಗುರುದತ್‌ನ ಮುಖದಲ್ಲಿ ಮೂಡಿದ್ದ ಖುಷಿ ಹಾಗೇ ಇಳಿದುಹೋಯಿತು. “ಮೇಡಂ, ಈ ಬಿಲ್ಡಿಂಗ್‌ನಲ್ಲಿ ಆಯುಧಪೂಜೆ ಅಂದ್ರೇನು ಅಂತ ಗೊತ್ತಿರೋನು ನಾನೊಬ್ನೇ.”

ಪಾಪ, ಅವನು ಹೇಳಿದ್ದು ನಿಜವೇ. ಸಿಕ್ಕ ಸಾಕ್ಷಿ ಅವನ ಕುತ್ತಿಗೆಗೇ ಇನ್ನೊಂದು ಸುತ್ತು ಹಾಕಿತ್ತು.

“ಇಂಥ ಮಷಿನ್‌ಗೆ ಪೂಜೆ ಮಾಡೋರು ಯಾರಾದ್ರೂ ಗೊತ್ತಾ?”

ಅವನು ತಡವರಿಸಿದ.

“ಅಡಿಲೇಡ್‌ನಲ್ಲಿ ನಟರಾಜ್ ಸರ್ ಅಂತ ಇದಾರೆ. ಮೈಸೂರಿನೋರು. ಹಳೇ ಬಾಟಲಿಗಳ ಕಾರ್ಕ್ ಪುಡಿಯಾಗೋಕೆ ಶುರುವಾದ್ರೆ ಅವನ್ನ ತೆಗೆದು ಹೊಸದು ಹಾಕಿಕೊಡ್ತಾರೆ. ಪ್ರತಿವರ್ಷ ಮಷಿನ್‌ಗೆ ಹೂವು, ಅರಿಶಿನ, ಕುಂಕುಮ ಎಲ್ಲಾ ಹಾಕಿ ಫೇಸ್‌ಬುಕ್‌ನಲ್ಲಿ ಫೋಟೋ ಹಾಕ್ತಾರೆ. ಅಲ್ಲಿ ಓದ್ತಿದ್ದಾಗ ಅವರ ಹತ್ರ ಪಾರ್ಟ್ ಟೈಮ್ ಮಾಡ್ತಿದ್ದೆ. ನನಗೆ ಕೆಲಸ ಕಲಿಸಿದೋರೇ ಅವರು.”

ಮತ್ತೊಂದು ಸುತ್ತು.

ಜಾರಾ ಹೌಸ್‌ನ ಡೈರೆಕ್ಟರ್ ಆಲಿಸನ್ ಮೆಟ್ಟಿಲಿಳಿದು ಬಂದಾಗ ಇಂದುಮತಿ ಏನನ್ನೂ ಮುಚ್ಚಿಡಲಿಲ್ಲ. ಬಿರಡೆ ತೋರಿಸಿದಳು, ಪೂಜೆಯ ವಿಷಯ, ಅಡಿಲೇಡ್‌ನ ನಟರಾಜ್ ಅವರ ವಿಷಯ ಎಲ್ಲ ಹೇಳಿದಳು. ಆಲಿಸನ್ ಕೆಟ್ಟ ಹೆಂಗಸಲ್ಲ. ಗುರುದತ್ ಮಾಡಿದ ಕೆಲಸವನ್ನು ನಾಲ್ಕು ಜನರೆದುರು ಹೊಗಳಿದವಳೇ. ಆದರೆ ಮೇಲಿನವರಿಗೆ ಅವಳೂ ಉತ್ತರ ಹೇಳಬೇಕಲ್ಲ.

“ಆ ಪೂಜೆಯ ಮಾರನೇ ದಿನ ಗುರುದತ್ ಎಲ್ಲಿದ್ದರು?” ಇಂದುಮತಿ ಕೇಳಿದಳು.

“ಇಲ್ಲೇ. ಗವರ್ನರ್ ಕಡೆಯವರ ಊಟ ಇತ್ತು. ದಿನವಿಡೀ ನನ್ನ ಕಣ್ಣೆದುರೇ ಇದ್ದರು.” ಆಲಿಸನ್ ನಿಟ್ಟುಸಿರು ಬಿಟ್ಟಳು. “ಆದರೆ ಅದರಿಂದೇನು? ಅಲ್ಲಿ ಅವರ ಗುರುಗಳ ಕೈ, ಇಲ್ಲಿ ಇವರ ಬೀಗದ ಕೈ. ಇಬ್ಬರೂ ಸೇರಿ ಮಾಡಿದ್ದು ಎಂದು ಯಾರಾದರೂ ಹೇಳುತ್ತಾರೆ.”

ಇಂದುಮತಿ ಅವನತ್ತ ತಿರುಗಿದಳು. “ಬೀಗದ ಕೈ ಯಾವಾಗಲೂ ನಿಮ್ಮ ಹತ್ತಿರವೇ ಇರುತ್ತಾ ಗುರುದತ್?”

“ಇಲ್ಲಿದ್ದಾಗ ಜೇಬಲ್ಲಿ. ಮನೆಗೆ ಹೋದ್ಮೇಲೆ ದೇವರ ಮನೇಲಿ ಗಣಪತಿ ಮುಂದೆ ಇಡ್ತೀನಿ. ಜವಾಬ್ದಾರಿ ಕೆಲಸ ಅಲ್ವಾ ಮೇಡಂ?”

ಸರ್ಕಾರದ ಸಾರಾಯಿಗೆ ಗಣಪತಿಯ ಕಾವಲು! ಬೇರೆ ಹೊತ್ತಾಗಿದ್ದರೆ ಇಂದುಮತಿ ನಕ್ಕುಬಿಡುತ್ತಿದ್ದಳು. ಈ ಮನುಷ್ಯ ವೈನನ್ನು ಬಾಯಿಗೆ ಹಾಕಿಕೊಂಡು ರುಚಿ ಹೇಳಿ ಉಗಿಯುತ್ತಾನೆಯೇ ಹೊರತು ಗಂಟಲಿಗಿಳಿಸಿದವನಲ್ಲ. ಕುಡಿಯದೆ ಉಗಿಯುವುದಕ್ಕೂ ಸಂಬಳ ಕೊಡುವ ದೇಶ ಎಂದು ಅವಳ ಗಂಡ ವಸಂತಕುಮಾರ್ ಈ ಕೇಸು ಬಂದಾಗಿನಿಂದ ಊಟಕ್ಕೆ ಕೂತಾಗಲೆಲ್ಲ ತಮಾಷೆ ಮಾಡುತ್ತಿದ್ದ.

“ನಾಳೆ ನಾಲ್ಕು ಗಂಟೆಯವರೆಗೆ ಕಾಯುತ್ತೇನೆ,” ಎಂದಳು ಆಲಿಸನ್. “ಆಮೇಲೆ ಫೈಲು ಪೊಲೀಸರಿಗೆ. ಇವರ ವೀಸಾಕ್ಕೆ ನಾವು ಕೊಟ್ಟಿರುವ ಬೆಂಬಲವನ್ನೂ ವಾಪಸ್ ತೆಗೆದುಕೊಳ್ಳಬೇಕಾಗುತ್ತದೆ. ನನಗೆ ಇಷ್ಟವಿಲ್ಲ, ಆದರೆ ಬೇರೆ ದಾರಿಯಿಲ್ಲ.”

ಅಂದರೆ ಕೆಲಸ ಹೋಯಿತು, ಇಲ್ಲೇ ಕಾಯಂ ನೆಲೆಸಲು ಹಾಕಿದ್ದ ಪಿಆರ್ ಅರ್ಜಿ ಬಿದ್ದುಹೋಯಿತು, ಹೆಂಡತಿ ಮಗಳನ್ನು ಕರೆದುಕೊಂಡು ಕಳ್ಳನೆಂಬ ಹೆಸರಿನೊಂದಿಗೆ ವಿಮಾನ ಹತ್ತಬೇಕು. ಗುರುದತ್ ಬಿಚ್ಚಿದ ಬಾಟಲಿಗಳನ್ನು ಮತ್ತೆ ಅವುಗಳ ಜಾಗದಲ್ಲಿ ಮಲಗಿಸತೊಡಗಿದ.

ಮರುದಿನ ಬೆಳಗ್ಗೆ ಅಡಿಲೇಡ್‌ಗೆ ಹೊರಟ ಇಂದುಮತಿಯನ್ನು ಏರ್‌ಪೋರ್ಟಿಗೆ ಬಿಡಲು ಗುರುದತ್‌ನ ಹೆಂಡತಿ ಗೀತಾ ತಮ್ಮ ಮನೆಯಿರುವ ಎಲೆನ್‌ಬ್ರೂಕ್‌ನಿಂದ ಜೂಂಡಲಪ್‌ವರೆಗೆ ಕಾರು ಓಡಿಸಿಕೊಂಡು ಬಂದಳು. ಬೇಡ, ಟ್ಯಾಕ್ಸಿ ಇದೆ ಎಂದರೂ ಕೇಳಲಿಲ್ಲ. ಹಿಂದಿನ ಸೀಟಿನಲ್ಲಿ ಮಗಳು ಕವನಾ ಸ್ಕೂಲ್ ಯೂನಿಫಾರ್ಮ್‌ನಲ್ಲಿ ಕೂತಿದ್ದಳು.

“ಆಂಟಿಗೆ ನಮಸ್ತೆ ಹೇಳು ಪುಟ್ಟಿ.”

“ಹಾಯ್ ಆಂಟಿ. ಆರ್ ಯೂ ಗೋಯಿಂಗ್ ಟು ಫಿಕ್ಸ್ ಅಪ್ಪಾಸ್ ಜಾಬ್?”

ಗೀತಾಳ ಕಣ್ಣು ತುಂಬಿಬಂತು.

“ಇವರು ವೈನ್ ಕೆಲಸ ಮಾಡೋದು ಅಂತ ನಮ್ಮತ್ತೆಗೆ ಇನ್ನೂ ಹೇಳಿಲ್ಲ ಆಂಟಿ. ಸರ್ಕಾರಿ ಉಗ್ರಾಣದಲ್ಲಿ ಆಫೀಸರ್ ಅಂತಾನೇ ಹೇಳಿರೋದು. ಈಗ ಕಳ್ಳ ಅಂತ ಆಗಿ ಊರಿಗೆ ಹೋದ್ರೆ ಯಾವ ಮುಖ ಇಟ್ಕೊಂಡು ಬದುಕೋದು? ಅವರು ಒಂದು ಹನಿನೂ ಕದ್ದೋರಲ್ಲ. ಹೇಗಾದ್ರೂ ಮಾಡಿ ಉಳಿಸಿಕೊಡಿ ಆಂಟಿ, ನಿಮ್ಮ ಕಾಲಿಗೆ ಬೀಳ್ತೀನಿ.”

“ಮೊದಲು ರಸ್ತೆ ನೋಡಮ್ಮಾ,” ಎಂದಳು ಇಂದುಮತಿ.

ಅಡಿಲೇಡ್‌ನ ಹೊರವಲಯದಲ್ಲಿ ಮನೆಯ ಹಿಂದಿನ ಶೆಡ್ಡೇ ನಟರಾಜ್ ಅವರ ಕಾರ್ಯಾಗಾರ. ಅರವತ್ತು ದಾಟಿದ, ಹಣೆಯಲ್ಲಿ ತೆಳ್ಳನೆ ವಿಭೂತಿಯ ಹಿರಿಯ. ವಿಮಾ ಕಂಪನಿ ಎಂದು ಕೇಳಿ ಹುಬ್ಬು ಗಂಟಿಕ್ಕಿದರು. ಕನ್ನಡ ಕಿವಿಗೆ ಬಿದ್ದದ್ದೇ ತಡ, “ಬನ್ನಿ ತಾಯಿ, ಬನ್ನಿ, ಬಿಸಿಲಲ್ಲಿ ನಿಂತಿದೀರಲ್ಲ” ಎಂದು ಒಳಗೆ ಕರೆದರು.

ಇಂದುಮತಿ ಸುತ್ತ ನೋಡಿದಳು. ಬೆಂಚಿನ ಮೇಲೆ ಕೈಮಷಿನ್. ಅದರ ಕಬ್ಬಿಣದ ಮೈಮೇಲೆ ಒಣಗಿ ಬಿರುಕುಬಿಟ್ಟ ಅರಿಶಿನದ ಪಟ್ಟೆಗಳು ಇನ್ನೂ ಇದ್ದವು.

“ಒರೆಸಿಲ್ವಲ್ಲ ಸರ್?”

“ಪೂಜೆ ಅರಿಶಿನ ಒರೆಸಬಾರದು ತಾಯಿ. ಕೆಲಸ ಮಾಡ್ತಾ ಮಾಡ್ತಾ ತಾನೇ ಹೋಗಬೇಕು. ನಮ್ಮ ತಂದೆ ಪ್ರೆಸ್ ಇಟ್ಟಿದ್ರು, ಅವರೂ ಹಾಗೇ ಮಾಡೋರು.”

ಅವಳು ಫೋನ್ ತೆಗೆದು ಬಿರಡೆಯ ಫೋಟೋ ತೋರಿಸಿದಳು. ನಟರಾಜ್ ಕನ್ನಡಕ ಏರಿಸಿ ನೋಡಿದರು, ಫೋನನ್ನು ಮೆಲ್ಲಗೆ ವಾಪಸ್ ಕೊಟ್ಟರು.

“ಅರಿಶಿನ ಎಲ್ಲರ ಮನೇಲೂ ಇರುತ್ತೆ.”

“ಅರಿಶಿನ ಇರುತ್ತೆ. ಕಾರ್ಕ್ ಮಷಿನ್ ಇರಲ್ಲ.”

“ನನಗೇನೂ ಗೊತ್ತಿಲ್ಲ.”

“ವಿಜಯದಶಮಿ ದಿನ ಯಾರಾದ್ರೂ ಬಾಟಲಿ ತಂದಿದ್ರಾ?”

“ಹಬ್ಬದ ದಿನ ಯಾರು ಬರ್ತಾರೆ? ಯಾರೂ ಬಂದಿರ್ಲಿಲ್ಲ.”

ಅಷ್ಟರಲ್ಲಿ ಕಾಫಿ ತಟ್ಟೆ ಹಿಡಿದು ಒಳಗೆ ಬಂದ ಅವರ ಹೆಂಡತಿ ಸುಲೋಚನಾ ಬಾಗಿಲಲ್ಲೇ ನಿಂತರು. “ಯಾಕ್ರೀ ಹಾಗಂತೀರಾ? ಆ ಬ್ರಿಸ್ಬೇನ್ ಹುಡುಗ ಬಂದಿದ್ನಲ್ಲ! ನಾನೇ ಕೂರಿಸಿ ಒಬ್ಬಟ್ಟು ಬಡಿಸಿದೀನಿ. ಮೂರು ತಿಂದ.”

“ಸುಲೂ, ನೀನು ಒಳಗೆ ಹೋಗು.”

“ಹೋಗಲ್ಲ. ವಾರದಿಂದ ನಿಮಗೆ ನಿದ್ದೆ ಇಲ್ಲ, ಊಟ ಇಲ್ಲ. ಏನೂಂತ ಕೇಳಿದ್ರೆ ಬಿಪಿ ಅಂತೀರಾ. ಇವತ್ತು ನನಗೂ ಗೊತ್ತಾಗಲಿ.”

ಮೂವತ್ತು ವರ್ಷ ಬಾಳುವೆ ಮಾಡಿದ ಹೆಂಗಸು ಒಮ್ಮೆ ಹೋಗಲ್ಲ ಎಂದರೆ ಮುಗಿಯಿತು. ನಟರಾಜ್ ಸ್ಟೂಲ್ ಎಳೆದುಕೊಂಡು ಕೂತರು. ಇಂದುಮತಿ ಕಾಫಿ ಲೋಟ ತೆಗೆದುಕೊಂಡಳು, ಅವಸರ ಮಾಡಲಿಲ್ಲ.

“ಸರ್, ನಿಮ್ಮ ಹತ್ರ ಕೆಲಸ ಕಲಿತ ಗುರುದತ್‌ನ ಇವತ್ತು ನಾಲ್ಕು ಗಂಟೆಗೆ ಕಳ್ಳ ಅಂತ ಪೊಲೀಸರಿಗೆ ಒಪ್ಪಿಸ್ತಾರೆ. ಅದಾದ್ಮೇಲೆ ನೀವು ಹೇಳೋದು ಯಾರಿಗೂ ಉಪಯೋಗ ಇಲ್ಲ.”

ನಟರಾಜ್ ಕನ್ನಡಕ ತೆಗೆದು ಬೆಂಚಿನ ಮೇಲಿಟ್ಟು ಬಾಯಿ ಬಿಟ್ಟರು.

“ಹುಡುಗ ಖಾಲಿ ಬಾಟಲಿ ತಂದಿದ್ದ. ಎಲ್ಲಾ ಹಳೇ ಲೇಬಲ್. ಜಾರಾ ಹೌಸ್‌ನಲ್ಲಿ ಪ್ರದರ್ಶನಕ್ಕಿಡ್ತಾರೆ, ನೋಡೋಕೆ ತುಂಬಿರೋ ಹಾಗೆ ಕಾಣಬೇಕು, ಅಗ್ಗದ ವೈನ್ ಯಾವುದಾದ್ರೂ ತುಂಬಿ ಕಾರ್ಕ್ ಹಾಕಿಕೊಡಿ ಅಂದ. ಗುರುದತ್ ಕಳಿಸಿದಾನೆ ಅಂದ.”

“ಗುರುದತ್‌ಗೆ ಒಂದು ಫೋನ್ ಮಾಡಿ ಕೇಳಲಿಲ್ವಾ?”

“ಹೇಗೆ ಕೇಳೋದು ತಾಯಿ? ನಾನು ಅವರ ಭಾವಮೈದ ಅಂದ. ಗೀತಾ ನಮ್ಮಕ್ಕ ಅಂದ. ಗುರುದತ್ ಮದುವೆ ಫೋಟೋದಲ್ಲಿ ನಾನೇ ನೋಡಿದ್ದ ಮುಖ. ಹಬ್ಬದ ದಿನ ಮನೆ ಬಾಗಿಲಿಗೆ ಬಂದ ಹುಡುಗನ್ನ ಎದುರಿಗೆ ಕೂರಿಸ್ಕೊಂಡು, ನೀನು ಹೇಳ್ತಿರೋದು ನಿಜಾನಾ ಅಂತ ಅವನ ಭಾವನಿಗೆ ಫೋನ್ ಮಾಡೋಕಾಗುತ್ತಾ? ಎಷ್ಟು ನೊಂದ್ಕೊಳ್ತಾರೆ!”

ಇಂದುಮತಿಗೆ ಸಿಟ್ಟೂ ಬಂತು, ಅಯ್ಯೋ ಎಂದೂ ಅನ್ನಿಸಿತು. ಬೇರೆ ಯಾರೇ ಗಿರಾಕಿಯಾಗಿದ್ದರೂ ಈ ಮನುಷ್ಯ ನೂರು ಪ್ರಶ್ನೆ ಕೇಳುತ್ತಿದ್ದರು. ನೆಂಟನೆಂದ ಕೂಡಲೇ ಪ್ರಶ್ನೆ ಕೇಳುವುದೇ ಅವಮಾನವಾಗಿಬಿಟ್ಟಿತು. ಅವಳ ಅಪ್ಪನಾಗಿದ್ದರೂ ಹಾಗೇ ಮಾಡುತ್ತಿದ್ದರು.

“ಹೆಸರೇನು ಅವನದು?”

“ಉತ್ತಮ್. ಬ್ರಿಸ್ಬೇನ್‌ನ ಫಾರೆಸ್ಟ್ ಲೇಕ್‌ನಲ್ಲಿದಾನೆ. ಹಳೇ ವೈನ್ ಹರಾಜು ಹಾಕೋರಿಗೆ ಮಾಲು ಹುಡುಕಿಕೊಡೋ ಬ್ರೋಕರ್ ಕೆಲಸ.”

ಹಳೇ ವೈನ್ ಹುಡುಕಿಕೊಡುವ ಕೆಲಸ! ಎಲ್ಲಿ ಹುಡುಕಿದನೆಂಬುದು ಈಗ ಗೊತ್ತಾಯಿತು. ನಕಲಿಯನ್ನು ನೆಲಮಾಳಿಗೆಯಲ್ಲಿಟ್ಟು ಅಸಲಿಯನ್ನು ಹೊತ್ತುಕೊಂಡು ಹೋದವನು ಇವನೇ. ಭಾವನ ಮನೆಯಲ್ಲಿ ದೇವರ ಮುಂದಿಟ್ಟ ಬೀಗದ ಕೈ ಭಾವಮೈದನ ಕೈಗೆ ಸಿಗುವುದೇನು ಕಷ್ಟ?

“ಔತಣದಲ್ಲಿ ನಕಲಿ ಸಿಕ್ಕ ಸುದ್ದಿ ಗೊತ್ತಾದ ಮೇಲಾದ್ರೂ ಹೇಳಬಹುದಿತ್ತಲ್ಲ ಸರ್?”

“ಗುರುದತ್ತೂ ಇದರಲ್ಲಿ ಸೇರಿದಾನೆ ಅಂದ್ಕೊಂಡೆ,” ಎಂದರು ನಟರಾಜ್. ದನಿ ಒಡೆದಿತ್ತು. “ಮಗನ ಥರ ಸಾಕಿದ ಹುಡುಗ. ಅವನನ್ನ ಜೈಲಿಗೆ ಕಳಿಸೋ ಮಾತು ನನ್ನ ಬಾಯಿಂದ ಬರೋದು ಬೇಡ ಅಂತ ಸುಮ್ನಿದ್ದೆ.”

“ಅಯ್ಯೋ ರಾಮಾ,” ಎಂದು ಸುಲೋಚನಾ ಅಲ್ಲೇ ಕುಸಿದು ಕೂತರು.

ಇಂದುಮತಿ ಲೋಟ ಕೆಳಗಿಟ್ಟಳು. ಗುರುದತ್ ನಿರಪರಾಧಿ ಎಂದು ಅವಳಿಗೆ ಈಗ ಖಚಿತವಾಗಿತ್ತು. ಇದರಲ್ಲಿ ಸೇರಿದ್ದರೆ ನಟರಾಜ್ ಹೆಸರನ್ನು ಅವನೇ ಬಾಯಿಬಿಟ್ಟು ಹೇಳುತ್ತಿದ್ದನೇ? ಆದರೆ ಅವಳ ನಂಬಿಕೆ ಆಲಿಸನ್‌ಗೆ ಸಾಕಾಗುವುದಿಲ್ಲ. ನಟರಾಜ್ ಇದ್ದದ್ದನ್ನು ಇದ್ದಂತೆ ಹೇಳಿದರೂ, ‘ಗುರುದತ್ ಕಳಿಸಿದಾನೆ ಅಂದ’ ಎಂಬ ಮಾತು ಬಂದೇ ಬರುತ್ತದೆ. ಅದು ಸುಳ್ಳು ಎಂದು ಹೇಳಬಲ್ಲವನು ಒಬ್ಬನೇ, ಉತ್ತಮ್. ಅವನು ಸಿಕ್ಕಿ ಬಾಯಿಬಿಟ್ಟರೆ ಗುರುದತ್ ಉಳಿದ. ಅವನು ತಪ್ಪಿಸಿಕೊಂಡು ದೇಶ ಬಿಟ್ಟರೆ ಆ ಹೊರೆಯೆಲ್ಲ ಭಾವನ ತಲೆಯ ಮೇಲೆ.

ನಟರಾಜ್ ತಮ್ಮ ಫೋನಿನಿಂದ ಉತ್ತಮ್‌ಗೆ ಕರೆ ಮಾಡಿದರು. ಸ್ವಿಚ್ ಆಫ್. ಮತ್ತೆ ಮಾಡಿದರು. ಅದೇ ಉತ್ತರ.

“ನಾನು ಈ ಮಾತು ಎಲ್ಲಿ ಬೇಕಾದ್ರೂ ಬಂದು ಹೇಳ್ತೀನಿ,” ಎಂದರು. “ಆ ಹುಡುಗನ್ನ ಹಿಡೀರಿ ತಾಯಿ.”

ಇಂದುಮತಿ ಹಿತ್ತಲಿಗೆ ಬಂದಳು. ಇಲ್ಲಿ ಬಿಸಿಲು ಇಳಿಯುತ್ತಿದ್ದರೂ ಪರ್ತ್‌ನಲ್ಲಿ ಇನ್ನೂ ನಡು ಮಧ್ಯಾಹ್ನ. ಮೊದಲು ಆಲಿಸನ್‌ಗೆ ಫೋನ್ ಮಾಡಿ ಗಡುವು ಮುಂದೂಡಲು ಕೇಳಿದಳು. ಹೊಸ ಹೆಸರು ಸಿಕ್ಕಿದೆ ಎಂದಳು.

“ಹೆಸರಲ್ಲ, ಮನುಷ್ಯ ಬೇಕು,” ಎಂದಳು ಆಲಿಸನ್. “ಗುರುದತ್ ನನ್ನ ಎದುರೇ ಕೂತಿದ್ದಾರೆ. ಹೇಳಿಕೆ ಬರೆಸಿಕೊಂಡು ಈಗ ಮನೆಗೆ ಕಳಿಸುತ್ತೇನೆ. ನಾಲ್ಕು ಗಂಟೆಗೆ ನಾನು ಫೈಲು ಕಳಿಸಲೇಬೇಕು.”

ಆಮೇಲೆ ಇಂದುಮತಿ ಗೀತಾಳ ನಂಬರ್ ಒತ್ತಿದಳು. ಮನಸ್ಸು ಹಿಂಜರಿಯಿತು. ಗಂಡನನ್ನು ಉಳಿಸಿಕೊಡಿ ಎಂದು ಬೆಳಗ್ಗೆ ಅತ್ತವಳಿಗೆ, ಕಳ್ಳ ನಿನ್ನ ಒಡಹುಟ್ಟಿದವನೇ ಎಂದು ಹೇಗೆ ಹೇಳುವುದು? ಆದರೆ ಅವನು ಎಲ್ಲಿ ಅಡಗಿರಬಹುದೆಂದು ಅವಳಿಗಲ್ಲದೆ ಇನ್ಯಾರಿಗೆ ಗೊತ್ತಿರುತ್ತದೆ?

“ಆಂಟಿ! ಏನಾಯ್ತು ಆಂಟಿ? ಸಿಕ್ಕಿತಾ ಏನಾದ್ರೂ?”

“ಸಿಕ್ಕಿತಮ್ಮಾ. ಗುರುದತ್ ಏನೂ ಮಾಡಿಲ್ಲ. ಅದನ್ನ ತೋರಿಸೋಕೆ ಒಬ್ಬ ಮನುಷ್ಯ ಬೇಕು, ಅಷ್ಟೇ.” ಇಂದುಮತಿ ಉಸಿರೆಳೆದುಕೊಂಡಳು. “ಗೀತಾ, ನಿನ್ನ ತಮ್ಮ ಉತ್ತಮ್ ಎಲ್ಲಿದಾನೆ?”

ಯಾಕೆ ಎಂದು ಗೀತಾ ಕೇಳಲಿಲ್ಲ. ಅವನಿಗೂ ಇದಕ್ಕೂ ಏನು ಸಂಬಂಧ ಎಂದೂ ಕೇಳಲಿಲ್ಲ. ಅದು ಇಂದುಮತಿಗೆ ಸರಿಬರಲಿಲ್ಲ.

“ಬ್ರಿಸ್ಬೇನ್‌ನಲ್ಲೇ ಇರ್ಬೇಕು ಆಂಟಿ,” ಎಂದಳು ಕೊನೆಗೆ. “ನಮಗೂ ಅವನಿಗೂ ಮಾತಿಲ್ಲ. ತಿಂಗಳುಗಟ್ಟಲೆ ಆಯ್ತು. ಫೋನೂ ಇಲ್ಲ.”

“ನೋಡಮ್ಮಾ, ಅವನು ಬಂದು ನಿಜ ಹೇಳಿದ್ರೆ ಮಾತ್ರ ನಿನ್ನ ಗಂಡ ಉಳೀತಾರೆ. ಬೇರೆ ದಾರಿ ಇಲ್ಲ. ಅರ್ಥ ಆಯ್ತಾ?”

“ಆಯ್ತು ಆಂಟಿ. ಆದ್ರೆ ನನಗೆ ಗೊತ್ತಿಲ್ಲ. ದೇವರಾಣೆ ಗೊತ್ತಿಲ್ಲ.”

ಆಗ ಫೋನಿನೊಳಗೆ, ಗೀತಾಳ ಬೆನ್ನ ಹಿಂದಿನಿಂದ, ಒಂದು ಗಂಡಸಿನ ದನಿ ಸ್ಪಷ್ಟವಾಗಿ ಕೇಳಿಸಿತು.

“ಅಕ್ಕಾ, ಭಾವ ಬರೋ ಹೊತ್ತಾಯ್ತು. ನಾನು ಹೊರಡ್ಲಾ?”

ಇಂದುಮತಿ ಫೋನನ್ನು ಕಿವಿಗೆ ಒತ್ತಿ ಹಿಡಿದಳು.

“ಟಿವಿ ಆಂಟಿ,” ಎಂದಳು ಗೀತಾ. ಅವಳು ಅಳುತ್ತಿದ್ದಳು. “ಟಿವಿ ಹಾಕಿದೀನಿ.”

ಕರೆ ಕಡಿಯಿತು.